ಜಂಬಿಟ್ಟಿಗೆ ಗುಂಡಿಗೆ ಕೊಳಚೆ ಗೊಬ್ಬರ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಜಂಬಿಟ್ಟಿಗೆ ತೆಗೆದು ಬಿಟ್ಟ ಗುಂಡಿ ನೋಡಿದ್ದೀರಲ್ಲ? ಗೋಡೆ ತುಂಬ ಮೆಷಿನ್ ಕೊಯ್ದ ಗೀರು, ತಳದಲ್ಲಿ ಹುಲ್ಲಿಗೂ ಬರ. ಮೇಲ್ಮಣ್ಣು ಹೋಗಿದೆ, ಉಳಿದ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬೇರಿಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತವೆ.

ಆ ನೆಲಕ್ಕೆ ಬೇಕಾದ ಸಾರಜನಕ, ರಂಜಕ, ಇಂಗಾಲ ನಮ್ಮ ಶೌಚಗುಂಡಿಯ ಕೆಸರಲ್ಲೇ ಇದೆ! ಶಿಕಾಗೊ ನಗರ 1970ರ ದಶಕದಲ್ಲೇ ತನ್ನ ಕೊಳಚೆ ಕೆಸರನ್ನು ಹಳೇ ಕಲ್ಲಿದ್ದಲು ಗಣಿಯ ನೆಲಕ್ಕೆ ಹಾಕಿತ್ತು. ನಮ್ಮ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಘಟಕ ಇಂಥ ಕೆಸರನ್ನು ಹಸಿಕಸದ ಜೊತೆ ಗೊಬ್ಬರ ಮಾಡಿದೆ.

ಹಾಗಂತ ಟ್ಯಾಂಕರ್ ತಂದು ಸುರಿಯೋದಲ್ಲ ಮತ್ತೆ. ರಾಶಿ 55 ಡಿಗ್ರಿ ದಾಟಿ ದಿನಗಟ್ಟಲೆ ಕಾದರೇ ಜಂತುಹುಳದ ಮೊಟ್ಟೆ ಸಾಯೋದು. ಸೀಸ, ಕ್ಯಾಡ್ಮಿಯಂ ಪರೀಕ್ಷೆಯೂ ಆಗಬೇಕು. ನಮ್ಮ ಮಳೆ ಬೇರೆ! ಜಂಬಿಟ್ಟಿಗೆ ತೂತುತೂತು, ಆಷಾಢದಲ್ಲಿ ಹಾಕಿದ್ದು ಸೀದಾ ಬಾವಿಗೆ. ಮಳೆ ಇಳಿದ ಮೇಲೆ ತೆಳುವಾಗಿ ಹಾಕಿ, ಮೊದಲು ಹುಲ್ಲು, ಆಮೇಲೆ ಕಾಡುಗಿಡ. ತರಕಾರಿ ಆಸೆ ಸದ್ಯಕ್ಕೆ ಬೇಡ.