ಅದರಂತೆಯೇ ಕಾಣುವ ವಾಚು: ಕೊಳ್ಳೋಣವೇ, ಬಿಡೋಣವೇ?

ಮೊಬೈಲ್ ಬಂದ ಮೇಲೆ ಇನ್ನು ವಾಚು ಯಾರು ಕಟ್ಟುತ್ತಾರೆ ಅಂದುಕೊಂಡಿದ್ದೆವು. ಆದರೆ ಯಾವುದಾದರೂ ಮದುವೆ ಮನೆಗೆ ಹೋಗಿ ನೋಡಿ. ರೇಷ್ಮೆ ಸೀರೆ, ಒಂದು ಕೈ ತುಂಬ ಬಳೆ, ಇನ್ನೊಂದು ಕೈಗೆ ರೋಮನ್ ಅಂಕಿಗಳ ಪುಟ್ಟ ಆಯತಾಕಾರದ ವಾಚು. ಗಂಡಸರ ಕೈಯಲ್ಲಂತೂ ದಪ್ಪ ಸ್ಟೀಲ್ ಚೈನಿನ, ದೊಡ್ಡ ಡಯಲ್ಲಿನ ವಾಚುಗಳದ್ದೇ ಕಾರುಬಾರು. ದೂರದಿಂದ ನೋಡಿದರೆ ಎಲ್ಲವೂ ಲಕ್ಷಾಂತರ ರೂಪಾಯಿಯವು! ಹತ್ತಿರ ಹೋದರೆ ಕೆಲವು ಎರಡು ಸಾವಿರದವು, ಕೆಲವು ಐನೂರರವು.

ಯಜಮಾನರ ಹುಟ್ಟುಹಬ್ಬ, ತಮ್ಮನ ಮದುವೆ, ಮಗ ಮೊದಲ ಸಂಬಳ ತಂದ ದಿನ... ವಾಚು ಕೊಡಿಸುವ ಸಂದರ್ಭಗಳು ಬರುತ್ತಲೇ ಇರುತ್ತವೆ. ಆಗ ಅಂಗಡಿಯವನು ‘ಮೇಡಂ, ಇದೂ ಅದೇ ಮಾಡೆಲ್, ನೋಡಿದ್ರೆ ಗೊತ್ತೇ ಆಗಲ್ಲ’ ಅಂತ ಒಂದನ್ನು ಮುಂದಿಡುತ್ತಾನೆ. ಮನಸ್ಸು ಜಾರುವುದು ಅಲ್ಲೇ. ದುಡ್ಡು ಉಳಿಯಿತು, ಚೆಂದವೂ ಸಿಕ್ಕಿತು ಅನ್ನಿಸುತ್ತದೆ. ಹಾಗಾದರೆ ಕೊಳ್ಳಬಹುದಾ? ಉತ್ತರ ಹೌದು ಎಂದೂ ಆಗಬಹುದು, ಬೇಡವೇ ಬೇಡ ಎಂದೂ ಆಗಬಹುದು. ಅದು ಯಾವ ಬಗೆಯ ನಕಲು ಎಂಬುದರ ಮೇಲೆ ನಿಂತಿದೆ.

ಎಲ್ಲ ನಕಲೂ ಒಂದೇ ಅಲ್ಲ

ವಾಚಿನ ಲೋಕದಲ್ಲಿ ಕೆಲವು ವಿನ್ಯಾಸಗಳು ಅಜ್ಜಿಯ ಕಾಲದ ಮೈಸೂರು ಸಿಲ್ಕ್ ಸೀರೆಯ ಹಾಗೆ, ಹಳತಾಗುವುದೇ ಇಲ್ಲ. ಆಯತಾಕಾರದ ಡಯಲ್, ರೋಮನ್ ಅಂಕಿ, ನೀಲಿ ಮುಳ್ಳುಗಳ ಆ ಚೆಲುವು ಫ್ರಾನ್ಸಿನ ಕಾರ್ಟಿಯೆ ಕಂಪನಿಯ ‘ಟ್ಯಾಂಕ್’ ವಾಚಿನದು. ಅದರ ವಿನ್ಯಾಸ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ. ತಾರೀಖಿನ ಮೇಲೆ ಪುಟ್ಟ ಭೂತಗನ್ನಡಿ, ಸುತ್ತ ಗೀರುಗೀರಿನ ಅಂಚು ಇರುವುದು ರೋಲೆಕ್ಸ್ ‘ಡೇಟ್‌ಜಸ್ಟ್’. ಆ ಮಾದರಿ ಶುರುವಾಗಿದ್ದು 1945ರಲ್ಲಿ. ಎಂಟು ಮೂಲೆ, ಎಂಟು ಸ್ಕ್ರೂಗಳ ವಾಚು ಓದೆಮಾರ್ ಪಿಗೆ ಕಂಪನಿಯ ‘ರಾಯಲ್ ಓಕ್’. ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರ ರೂಪಿಸಿದ ಇದು ಬಂದಿದ್ದು 1972ರಲ್ಲಿ. ಇವತ್ತು ಅಂಗಡಿಗಳಲ್ಲಿ ಕಾಣುವ ಅರ್ಧಕ್ಕರ್ಧ ವಾಚುಗಳು ಇಂಥ ಹಳೆಯ ವಿನ್ಯಾಸಗಳ ಮಕ್ಕಳು, ಮೊಮ್ಮಕ್ಕಳು ಎಂದರೂ ತಪ್ಪಿಲ್ಲ.

ಇವನ್ನು ಅನುಕರಿಸುವ ವಾಚುಗಳಲ್ಲಿ ಮೂರು ಜಾತಿ.

ಮೊದಲನೆಯದು, ರೂಪ ಮಾತ್ರ ಹಳೆಯ ವಾಚಿನದು, ಹೆಸರು ತನ್ನದೇ. ಡಯಲ್ ಮೇಲೆ ಆ ಕಂಪನಿಯ ಸ್ವಂತ ಹೆಸರಿರುತ್ತದೆ. ವಾಚುಪ್ರಿಯರು ಇದನ್ನು ‘ಹೋಮೇಜ್’ ಎಂದು ಕರೆಯುತ್ತಾರೆ, ಹಿರಿಯರಿಗೆ ನಮಸ್ಕಾರ ಮಾಡಿದ ಹಾಗೆ.

ಎರಡನೆಯದು, ರೂಪವೂ ಅದರದೇ, ಹೆಸರೂ ಅದರದೇ, ಆದರೆ ಮಾಡಿದವರು ಬೇರೆ. ನಮ್ಮ ಮಾರುಕಟ್ಟೆಯಲ್ಲಿ ಇದಕ್ಕೆ ‘ಫಸ್ಟ್ ಕಾಪಿ’ ಎಂಬ ಗೌರವದ ಹೆಸರು! ಫಸ್ಟ್ ಎಂದರೂ ಸೆಕೆಂಡ್ ಎಂದರೂ ಇದು ಖೋಟಾ ಮಾಲೇ.

ಮೂರನೆಯದು, ನಿಜವಾಗಿಯೂ ಹಳೆಯ ವಾಚು, ಆದರೆ ಡಯಲ್ಲಿಗೆ ಹೊಸದಾಗಿ ಬಣ್ಣ ಬಳಿದು, ಬೇರೆ ಬೇರೆ ವಾಚಿನ ಬಿಡಿಭಾಗ ಜೋಡಿಸಿ, ‘ಇದು ಮೂಲ ಸ್ಥಿತಿಯಲ್ಲೇ ಇದೆ’ ಎಂದು ಮಾರುವುದು.

ಕಾನೂನು ಏನು ಹೇಳುತ್ತೆ?

‘ಇನ್ನೊಬ್ಬರ ವಿನ್ಯಾಸ ಕದಿಯೋದು ತಪ್ಪಲ್ವಾ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ದೇಶದ 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ನೋಂದಾಯಿಸಿದ ವಿನ್ಯಾಸಕ್ಕೆ ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಒಟ್ಟು 15 ವರ್ಷ, ಅಷ್ಟೆ. ಆದ್ದರಿಂದಲೇ ಐವತ್ತು, ನೂರು ವರ್ಷ ಹಳೆಯ ರೂಪಗಳನ್ನು ಹೋಲುವ ವಾಚುಗಳನ್ನು ಬೇರೆಯವರು ತಮ್ಮ ಹೆಸರಿನಲ್ಲಿ ರಾಜಾರೋಷವಾಗಿ ಮಾರುತ್ತಾರೆ.

ಹೆಸರು ಮತ್ತು ಲಾಂಛನದ ಮಾತು ಬೇರೆ. ಟ್ರೇಡ್‌ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಅದನ್ನು ಕದ್ದು ಹಾಕುವವರಿಗೆ, ಗೊತ್ತಿದ್ದೂ ಅಂಥ ಮಾಲು ಮಾರುವವರಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಕೊಂಡು ಕೈಗೆ ಕಟ್ಟಿಕೊಂಡ ನಿಮ್ಮನ್ನು ಪೊಲೀಸರು ಹುಡುಕಿಕೊಂಡು ಬರುವುದಿಲ್ಲ, ನಿಜ. ಆದರೆ ನಾಳೆ ಅದು ಕೆಟ್ಟರೆ ನೀವೂ ಯಾರನ್ನೂ ಹುಡುಕಿಕೊಂಡು ಹೋಗುವ ಹಾಗಿಲ್ಲ. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ಮಾರಿದವನು ಮುಂದಿನ ವಾರ ಅದೇ ಜಾಗದಲ್ಲಿ ಇರುತ್ತಾನೆಂಬ ಭರವಸೆಯೂ ಇಲ್ಲ.

ಉಡುಗೊರೆ ಆದರೆ ಎರಡು ಸಲ ಯೋಚಿಸಿ

ನಮಗೆ ನಾವೇ ಕೊಂಡುಕೊಂಡರೆ ಅದು ನಮ್ಮ ಇಷ್ಟ. ಆದರೆ ವಾಚು ಹೆಚ್ಚಾಗಿ ಉಡುಗೊರೆಯಾಗಿಯೇ ಮನೆ ದಾಟುತ್ತದೆ. ಅದರಲ್ಲೂ ಮದುವೆಯಲ್ಲಿ ಅಳಿಯನಿಗೆ ಉಂಗುರ, ವಾಚು ಕೊಡುವ ರೂಢಿ ಬಹಳ ಮನೆಗಳಲ್ಲಿದೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗಾಯಿತು. ಹುಡುಗಿಯ ಸೋದರಮಾವ ಅಳಿಯನಿಗೆಂದು ಹೆಸರಾಂತ ವಿದೇಶಿ ಕಂಪನಿಯ ವಾಚು ತಂದುಕೊಟ್ಟರು. ‘ದುಬೈನಿಂದ ತರಿಸಿದ್ದು’ ಎಂದು ಅವರಿಗೆ ಮಾರಿದವನು ಹೇಳಿದ್ದ, ಅವರೂ ನಂಬಿದ್ದರು. ಚೈನು ಸಡಿಲ ಎಂದು ಹುಡುಗ ಅದನ್ನು ಆ ಕಂಪನಿಯ ಷೋರೂಮಿಗೆ ಕೊಂಡೊಯ್ದ. ಕೌಂಟರಿನವರು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಸಾರಿ ಸರ್, ಇದು ನಮ್ಮದಲ್ಲ’ ಎಂದು ವಾಪಸ್ ಕೊಟ್ಟರಂತೆ. ಹುಡುಗ ಒಳ್ಳೆಯವನು, ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೆಂಡತಿಗೆ ಮಾತ್ರ ಹೇಳಿದ. ಆದರೆ ಆ ಹುಡುಗಿಯ ಸ್ಥಿತಿ ಯೋಚಿಸಿ. ತವರಿನ ಮರ್ಯಾದೆಯನ್ನು ಗಂಡ ಮುಚ್ಚಿಟ್ಟು ಕಾಪಾಡಬೇಕಾಯಿತಲ್ಲಾ ಎಂಬ ಸಂಕೋಚ. ಹಬ್ಬಕ್ಕೆ ತವರಿಗೆ ಹೋದಾಗ ಮಾವ ‘ಎಲ್ಲಪ್ಪಾ ನಾನು ಕೊಟ್ಟ ವಾಚು?’ ಎಂದು ಕೇಳಿದಾಗಲೆಲ್ಲ ಇಬ್ಬರೂ ಮುಖ ಮುಖ ನೋಡಿಕೊಳ್ಳಬೇಕು.

ಅದೇ ದುಡ್ಡಿಗೆ ಹೊಸೂರಿನಲ್ಲಿ ಕಾರ್ಖಾನೆ ಇರುವ ನಮ್ಮ ಟೈಟಾನ್ ವಾಚೋ, ಇನ್ನಾವುದೋ ಸ್ವಂತ ಹೆಸರಿನ ವಾಚೋ ಬರುತ್ತಿತ್ತು. ಬಿಲ್ಲು ಸಮೇತ, ತಲೆ ಎತ್ತಿ ಕಟ್ಟಿಕೊಳ್ಳುವ ಹಾಗೆ. ಖೋಟಾ ಹೆಸರಿನ ವಾಚನ್ನು ಉಡುಗೊರೆ ಕೊಟ್ಟಾಗ ನಾವು ಕೊಡುವುದು ವಾಚನ್ನಷ್ಟೇ ಅಲ್ಲ, ಒಂದು ಸುಳ್ಳನ್ನೂ ಅವರ ಕೈಗೆ ಕಟ್ಟುತ್ತೇವೆ. ಅದನ್ನು ಹೊರುವವರು ಅವರು.

ಹೋಮೇಜ್ ವಾಚನ್ನು ಉಡುಗೊರೆ ಕೊಡುವುದಾದರೂ ‘ಇದು ಇಂಥ ಕಂಪನಿಯದು, ಆ ಹಳೇ ವಾಚಿನ ತರಹ ಇದೆ, ನಿಂಗಿಷ್ಟ ಅಂತ ತಂದೆ’ ಎಂದು ಬಾಯಿಬಿಟ್ಟು ಹೇಳಿಬಿಡಿ. ಹೇಳಲು ನಾಲಗೆ ತಡವರಿಸಿದರೆ, ಆ ವಾಚು ಬೇಡ ಎಂದೇ ಅರ್ಥ.

ಮುಖ ನೋಡಿದ್ದು ಸಾಕು, ಹೊಟ್ಟೆ ನೋಡಿ

ಸ್ವಂತ ಹೆಸರಿನ ವಾಚೇ ತಗೊಳ್ಳೋಣ ಎಂದುಕೊಂಡಿರಿ. ಅದರಲ್ಲೂ ಗಟ್ಟಿ, ಜೊಳ್ಳು ಎರಡೂ ಇವೆ. ಡಯಲ್ ಎಲ್ಲರೂ ಚೆಂದ ಮಾಡುತ್ತಾರೆ. ಬಾಳಿಕೆ ಇರುವುದು ಒಳಗಿನ ಮೆಷಿನ್ನಿನಲ್ಲಿ.

ಸೆಲ್ ಹಾಕುವ ವಾಚುಗಳಲ್ಲಿ ಸೆಕೆಂಡಿನ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಎಂದು ನೆಗೆಯುತ್ತದೆ. ಕೈಯ ಅಲುಗಾಟಕ್ಕೇ ಓಡುವ ಆಟೋಮ್ಯಾಟಿಕ್ ವಾಚುಗಳಲ್ಲಿ ಅದು ಜಾರುತ್ತ ಹೋಗುತ್ತದೆ. ಡಯಲ್ ಮೇಲೆ ‘ಆಟೋಮ್ಯಾಟಿಕ್’ ಎಂದು ಬರೆದಿದ್ದು ಮುಳ್ಳು ಟಕ್ ಟಕ್ ನೆಗೆಯುತ್ತಿದ್ದರೆ, ಆ ವಾಚು ಅಂಗಡಿಯಲ್ಲೇ ಸುಳ್ಳು ಹೇಳುತ್ತಿದೆ ಎಂದು ತಿಳಿಯಿರಿ! ಹಾಗೆಯೇ ದೊಡ್ಡ ಡಯಲ್ಲಿನೊಳಗೆ ಮೂರು ಪುಟ್ಟ ಡಯಲ್ ಇರುವ ವಾಚುಗಳಲ್ಲಿ ಪಕ್ಕದ ಗುಂಡಿ ಒತ್ತಿ ನೋಡಿ. ಅಗ್ಗದ ಎಷ್ಟೋ ವಾಚುಗಳಲ್ಲಿ ಆ ಪುಟ್ಟ ಮುಳ್ಳುಗಳು ಬರೀ ಅಲಂಕಾರಕ್ಕೆ ಅಂಟಿಸಿದವು.

ಜಪಾನಿನ ಸಿಟಿಜನ್ ಸಮೂಹದ ಮಿಯೋಟಾ, ಸೀಕೊ ಕಂಪನಿಯ ಎನ್‌ಎಚ್35 ಮುಂತಾದ ಮೆಷಿನ್‌ಗಳನ್ನು ಬೇರೆ ಬೇರೆ ಕಂಪನಿಗಳು ಕೊಂಡು ತಮ್ಮ ವಾಚುಗಳಲ್ಲಿ ಹಾಕುತ್ತವೆ. ಒಳ್ಳೆಯ ಹೋಮೇಜ್ ವಾಚು ತಯಾರಕರು ಯಾವ ಮೆಷಿನ್ ಎಂದು ಮುಚ್ಚಿಡದೆ ಹೇಳುತ್ತಾರೆ. ಇದರ ಲಾಭ ಏನೆಂದರೆ, ನಾಳೆ ಕೆಟ್ಟರೂ ರಿಪೇರಿಯವರಿಗೆ ಅದು ಗೊತ್ತಿರುವ ಮೆಷಿನ್, ಬಿಡಿಭಾಗವೂ ಸಿಗುತ್ತದೆ. ಹೆಸರಿಲ್ಲದ ಮೆಷಿನ್ ಆದರೆ ‘ಎಸೆದು ಹೊಸದು ತಗೊಳ್ಳಿ ಅಮ್ಮಾ’ ಎನ್ನುತ್ತಾರೆ.

ಇನ್ನು ನೀರು. ‘30 ಮೀಟರ್ ವಾಟರ್ ರೆಸಿಸ್ಟೆಂಟ್’ ಎಂದು ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಕೈ ತೊಳೆಯುವಾಗ ನಾಲ್ಕು ಹನಿ ಸಿಡಿದರೆ ತೊಂದರೆಯಿಲ್ಲ ಎಂದಷ್ಟೇ. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಬಿಚ್ಚಿಡಲೇಬೇಕು. ಈಜಲು ಹೋಗುವವರಿಗೆ 100 ಮೀಟರಿನದು ಇರಲಿ.

ಬೀರುವಿನಲ್ಲೇ ಇದ್ದೀತು, ನೋಡಿ

ಹಳೆಯ ಕಾಲದ ವಾಚಿನ ಅಂದವೇ ಬೇಕು ಎನ್ನುವವರು ಅಂಗಡಿಗೆ ಹೋಗುವ ಮುನ್ನ ಒಮ್ಮೆ ಮನೆಯ ಬೀರು ತೆಗೆದು ನೋಡಿ. ಮಾವನವರ ಎಚ್‌ಎಂಟಿ ಕರ್ಚೀಫಿನಲ್ಲಿ ಸುತ್ತಿಕೊಂಡು ಮಲಗಿದ್ದರೂ ಮಲಗಿರಬಹುದು. ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಜನತಾ, ಪೈಲಟ್, ಕಾಂಚನ್, ಸೋನಾ ಎಂಬ ಹೆಸರುಗಳನ್ನು ಕೇಳಿದರೇ ಎಷ್ಟೋ ಮನೆಗಳಲ್ಲಿ ಹಿರಿಯರ ಮುಖ ಅರಳುತ್ತದೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಈ ಹಳೆಯ ವಾಚುಗಳಿಗೆ ಬೇಡಿಕೆ ಏರಿತು. ಬೇಡಿಕೆಯ ಹಿಂದೆಯೇ ಬಣ್ಣ ಬಳಿಯುವವರೂ ಬಂದರು.

ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿಡುವ ಗಿಳಿಹಸಿರು, ನೇರಳೆ, ಕಿತ್ತಳೆ ಬಣ್ಣದ ಹೊಳೆಯುವ ‘ಹಳೇ’ ಜನತಾ ವಾಚುಗಳಲ್ಲಿ ಬಹಳಷ್ಟು ಹೊಸದಾಗಿ ಡಯಲ್ ಬಳಿದವು. ಅಕ್ಷರ ಸೊಟ್ಟಗೆ ಅಥವಾ ದಪ್ಪಗೆ ಕಂಡರೆ, ಹಳೆಯ ಕೇಸಿನಲ್ಲಿ ಡಯಲ್ ಮಾತ್ರ ಕನ್ನಡಿಯ ಹಾಗೆ ಮಿನುಗುತ್ತಿದ್ದರೆ ಅನುಮಾನಪಡಿ. ಬಣ್ಣ ಬಳಿಯುವುದೇ ಅಪರಾಧವಲ್ಲ. ಬಳಿದಿದ್ದನ್ನು ಹೇಳದೆ ಮೂಲದ ಬೆಲೆ ಕೇಳುವುದು ಮೋಸ. ‘ಡಯಲ್ ಒರಿಜಿನಲ್ಲಾ, ಪೇಂಟ್ ಮಾಡಿಸಿದ್ದಾ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮನೆಯದೇ ವಾಚು ಸಿಕ್ಕಿದರೆ ನಂಬಿಕಸ್ತ ರಿಪೇರಿಯವರಲ್ಲಿ ಒಯ್ದು ಕ್ಲೀನ್ ಮಾಡಿಸಿ, ಎಣ್ಣೆ ಹಾಕಿಸಿ, ಹೊಸ ಬೆಲ್ಟು ಹಾಕಿಸಿ. ಆದರೆ ‘ಡಯಲ್ ಮುಟ್ಟಬೇಡಿ’ ಎಂದು ಮೊದಲೇ ಹೇಳಿಬಿಡಿ. ಮಾಸಿದ ಆ ಡಯಲ್ಲೇ ಅದು ಅಸಲಿ ಎಂಬುದಕ್ಕೆ ಸಾಕ್ಷಿ. ದಿನಾ ಬೆಳಿಗ್ಗೆ ಕೀ ಕೊಡುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಎಷ್ಟು ಖುಷಿಯಿಂದ ಮಾಡುತ್ತಾರೆ ನೋಡಿ.

ಕೊಳ್ಳುವಾಗ ನೆನಪಿಡಿ

* ಡಯಲ್, ಹಿಂದಿನ ಮುಚ್ಚಳ, ಡಬ್ಬಿ, ಬಿಲ್ಲು ನಾಲ್ಕರಲ್ಲೂ ಒಂದೇ ಹೆಸರಿರಲಿ. ‘ಬಿಲ್ ಬೇಕಾ ಮೇಡಂ?’ ಎಂದು ಕೇಳುವ ಅಂಗಡಿಯಿಂದ ದೂರವಿರಿ.

* ವಿದೇಶಿ ವಾಚಾದರೆ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು.

* ಒಂದಕ್ಷರ ಆಚೀಚೆ ಮಾಡಿದ ಹೆಸರುಗಳನ್ನು ನಿಧಾನವಾಗಿ ಓದಿ. ಕಣ್ಣು ತಪ್ಪಿಸಲೆಂದೇ ಹಾಗೆ ಬರೆದಿರುತ್ತಾರೆ.

* ಲಕ್ಷದ ವಾಚು ಮೂರು ಸಾವಿರಕ್ಕೆ ಬರುವುದಿಲ್ಲ. ಕಸ್ಟಮ್ಸ್ ಹರಾಜು, ಅರ್ಜೆಂಟ್ ಮಾರಾಟ ಎಂಬ ಕಥೆಗಳಿಗೆ ಕಿವಿಗೊಡಬೇಡಿ.

* ಅಗ್ಗದ ಲೋಹದಲ್ಲಿ ನಿಕಲ್ ಇದ್ದರೆ ಬೆವರಿಗೆ ಕೆಲವರ ಮಣಿಕಟ್ಟು ತುರಿಸುತ್ತದೆ, ಕೆಂಪಾಗುತ್ತದೆ. ಚರ್ಮ ಸೂಕ್ಷ್ಮವಾಗಿದ್ದರೆ ಬೆಲ್ಟಿನ ವಾಚು, ಹಿಂದಿನ ಮುಚ್ಚಳ ಸ್ಟೇನ್‌ಲೆಸ್ ಸ್ಟೀಲಿನದು ಇರುವಂಥದ್ದು ಆರಿಸಿ.

* ಕೈಗೆ ಕಟ್ಟಿ ನೋಡಿ. ಡಯಲ್ ಮಣಿಕಟ್ಟಿನ ಆಚೆಗೆ ಚಾಚಿಕೊಂಡರೆ ಎಷ್ಟೇ ಹೆಸರಾಂತ ವಿನ್ಯಾಸವಾದರೂ ಒಪ್ಪುವುದಿಲ್ಲ.

* ಬಿಲ್ಲಿದ್ದೂ ಮೋಸವಾಗಿದೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನೋಡಿಯೂ ಮನಸ್ಸು ಎರಡಾದರೆ ಒಂದು ಸುಲಭ ಪರೀಕ್ಷೆಯಿದೆ. ಮದುವೆ ಮನೆಯಲ್ಲಿ ಪಕ್ಕ ಕೂತವರು ನಿಮ್ಮ ಕೈ ಹಿಡಿದು, ‘ಎಷ್ಟು ಚೆನ್ನಾಗಿದೆ ಕಣ್ರೀ, ಯಾವ ಕಂಪನಿದು?’ ಎಂದು ಕೇಳಿದರು ಎಂದಿಟ್ಟುಕೊಳ್ಳಿ. ಡಯಲ್ ಮೇಲಿರುವ ಹೆಸರನ್ನೂ, ಕೊಟ್ಟ ಬೆಲೆಯನ್ನೂ ನಗುನಗುತ್ತಾ ಇದ್ದದ್ದು ಇದ್ದಂತೆ ಹೇಳಬಲ್ಲಿರಾದರೆ ಧಾರಾಳವಾಗಿ ಕೊಳ್ಳಿ. ಸೆರಗಿನಡಿ ಕೈ ಮುಚ್ಚಿಕೊಳ್ಳಬೇಕು ಅನ್ನಿಸುವುದಾದರೆ, ಆ ದುಡ್ಡು ನಿಮ್ಮ ಪರ್ಸಿನಲ್ಲೇ ಇರಲಿ.