ತಾನೇ ನಿಲ್ಲುವ ಪಂಪು

ಗುಜರಿ ಸಾಮಾನಿನಿಂದ ಏನಾದರೊಂದು ಯಂತ್ರ ಕಟ್ಟಿ ನೋಡುವ ಚಪಲ ನಮ್ಮ ರೈತರಿಗೆ ಹೊಸದಲ್ಲ. ತೆನೆಗೆ ಬೀಳುವ ಹಕ್ಕಿಗಳನ್ನು ಓಡಿಸಲು ಹಳೆಯ ಫ್ಯಾನಿನ ರೆಕ್ಕೆಗೆ ಸರಪಳಿ ತುಂಡು ಕಟ್ಟಿ, ಅದು ಗಾಳಿಗೆ ತಿರುಗಿ ತಟ್ಟೆಗೆ ಬಡಿಯುವಂತೆ ಮಾಡಿದವರಿದ್ದಾರೆ. ಮಲೆನಾಡಿನ ತೋಟಗಳಲ್ಲಿ ಹರಿಯುವ ನೀರೇ ದಂಬೆಯನ್ನು ತುಂಬಿ, ದಂಬೆ ಬಗ್ಗಿ ನೀರು ಚೆಲ್ಲಿ, ಹಿಂದಕ್ಕೆ ಬರುವಾಗ ತಗಡಿಗೆ ಬಡಿದು ರಾತ್ರಿಯಿಡೀ ಕಾಡುಹಂದಿಯನ್ನು ಹೆದರಿಸುವುದುಂಟು. ಇವಕ್ಕೆ ಕರೆಂಟೂ ಬೇಡ, ಕೂಲಿಯೂ ಬೇಡ. ಮಾಡಿದವನ ಸಂತೋಷಕ್ಕಂತೂ ಪಾರವಿಲ್ಲ.

ಈಗ ಈ ಚಪಲ ಪಂಪ್‌ಸೆಟ್ಟಿನ ಕಡೆ ತಿರುಗಿದೆ. ಕಾರಣವೂ ಇದೆ. ತ್ರೀ ಫೇಸ್ ಕರೆಂಟು ಹಲವು ಕಡೆ ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿಯಾದರೆ ಟಾರ್ಚು ಹಿಡಿದು ಬದುವಿನ ಮೇಲೆ ನಡೆದು ಹೋಗಿ ಹಸಿರು ಗುಂಡಿ ಒತ್ತಬೇಕು. ಹಾವಿನ ಭಯ ಒಂದು, ಒದ್ದೆ ಕೈಯಲ್ಲಿ ಸ್ಟಾರ್ಟರು ಮುಟ್ಟುವ ಭಯ ಇನ್ನೊಂದು. ಆದ್ದರಿಂದ ಕೆಲವರು ಗುಂಡಿಗೆ ರಬ್ಬರು ಪಟ್ಟಿ ಬಿಗಿದು ಮನೆಯಲ್ಲಿ ಮಲಗುತ್ತಾರೆ. ಇದು ಜಾಣತನವಲ್ಲ. ಮೂರರಲ್ಲಿ ಒಂದು ಫೇಸ್ ಬಾರದ ದಿನ ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತಾ ಕಾದು ಸುಟ್ಟುಹೋಗುತ್ತದೆ. ಇದನ್ನು ತಡೆಯುವ ರಿಲೇಯನ್ನು ಮಾತ್ರ ಅಂಗಡಿಯಿಂದ ಕೊಂಡೇ ತರಬೇಕು; ಇಲ್ಲಿ ಮನೆಯ ಪ್ರಯೋಗ ಬೇಡ.

ನನ್ನನ್ನು ಕೇಳಿದರೆ, ಪಂಪಿಗೆ ಮೊದಲು ಕಲಿಸಬೇಕಾದದ್ದು ಚಾಲೂ ಆಗುವುದನ್ನಲ್ಲ, ನಿಲ್ಲುವುದನ್ನು. ತೊಟ್ಟಿ ತುಂಬಿದ ಮೇಲೂ ಓಡುವ ಪಂಪು ಅಂತರ್ಜಲವನ್ನು ಚರಂಡಿಗೆ ಸುರಿಯುತ್ತದೆ. ಕೊಳವೆಬಾವಿಯ ನೀರು ಇಳಿದ ಮೇಲೂ ಓಡಿದರೆ ಪಂಪೇ ಕೆಡುತ್ತದೆ. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು, ಪಂಪಿನ ಬುಷ್‌ಗಳಿಗೆ ನೀರೇ ಎಣ್ಣೆ.

ಚಿಂತಾಮಣಿ ಕಡೆಯ ರೈತರೊಬ್ಬರು ಈ ಕೆಲಸವನ್ನು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನಿಂದ ಆರಂಭಿಸಿದರು. (ಕೀಟನಾಶಕದ ಕ್ಯಾನು ಖಂಡಿತ ಬೇಡ, ದನಗಳು ಕುಡಿಯುವ ನೀರು.) ಕ್ಯಾನಿಗೆ ಸ್ವಲ್ಪ ಮರಳು ತುಂಬಿ, ಬಿರಡೆ ಬಿಗಿದು ತೊಟ್ಟಿಯಲ್ಲಿ ತೇಲಿಬಿಟ್ಟರು. ಅದರ ಹಗ್ಗವನ್ನು ಕಂಬದ ಮೇಲಿನ ರಾಟೆಗೆ ಹಾಯಿಸಿ, ಇನ್ನೊಂದು ತುದಿಗೆ ಕ್ಯಾನಿಗಿಂತ ಹಗುರವಾದ ಕೆಂಪು ಡಬ್ಬಿ ಕಟ್ಟಿದರು. ನೀರು ಏರಿದಂತೆ ಡಬ್ಬಿ ಇಳಿಯುತ್ತದೆ. ಜಗಲಿಯಲ್ಲಿ ಕುಳಿತೇ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಬಹುದು. ಗಾಳಿಗೆ ಡಬ್ಬಿ ಓಲಾಡಿ ಹಗ್ಗ ಸಿಕ್ಕಿಕೊಂಡಾಗ, ಉದ್ದಕ್ಕೆ ಸೀಳು ಬಿಟ್ಟ ಪಿ.ವಿ.ಸಿ. ಪೈಪಿನೊಳಗೆ ಡಬ್ಬಿಯನ್ನು ಇಳಿಬಿಟ್ಟರು. ಆಮೇಲೆ ಡಬ್ಬಿ ಬಂದು ಕೂರುವ ಜಾಗದಲ್ಲಿ ಒಂದು ಬೆಲ್ಲಿನ ಗುಂಡಿ, ಟಾರ್ಚಿನ ನಾಲ್ಕು ಸೆಲ್ಲು. ಮೊದಲ ಸಲ ಬೆಲ್ಲು ಬಾರಿಸಿದಾಗ ಮನೆಮಂದಿಯೆಲ್ಲ ತೊಟ್ಟಿಯ ಬಳಿ ಓಡಿದರಂತೆ. ನೀರು ಅಂಚಿಗೆ ನಾಲ್ಕು ಬೆರಳು ಕೆಳಗೆ ನಿಂತಿತ್ತು! ಅಂಗಡಿಯ ಮೊಬೈಲ್ ಸ್ಟಾರ್ಟರು ತಂದವರಿಗೆ ಈ ಖುಷಿ ಎಲ್ಲಿಂದ ಬರಬೇಕು?

ಬೆಲ್ಲಿನ ಬದಲು ಪಂಪೇ ನಿಲ್ಲಬೇಕಾದರೆ ಎಚ್ಚರ ಹೆಚ್ಚು ಬೇಕು. ಸ್ಟಾರ್ಟರಿನ ಕಾಯಿಲ್ ಸಾಮಾನ್ಯವಾಗಿ 415 ವೋಲ್ಟಿನದು. ಅದರ ವೈರನ್ನು ನೇರವಾಗಿ ತೊಟ್ಟಿಯ ಸ್ವಿಚ್ಚಿಗೆ ಎಳೆದರೆ ಜೀವಕ್ಕೇ ಅಪಾಯ. ನಡುವೆ 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರು ಮತ್ತು ರಿಲೇ ಇರಲಿ. ಆಗ ತೊಟ್ಟಿಯ ಕಡೆಗೆ ಹೋಗುವುದು 12 ವೋಲ್ಟು ಮಾತ್ರ. ಕೊಳವೆಬಾವಿಗೆ ಇಳಿಬಿಡುವ, ನೀರು ಇದೆಯೋ ಇಲ್ಲವೋ ತಿಳಿಸುವ ತಂತಿಗಳಿಗೂ ಇದೇ ನಿಯಮ. ಸ್ಟಾರ್ಟರು ಪೆಟ್ಟಿಗೆಯೊಳಗಿನ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸತಕ್ಕದ್ದು. ಅರ್ತಿಂಗ್ ಸರಿಯಿದೆಯೇ ಎಂದು ಅಂದೇ ನೋಡಿಸಿರಿ.

ಇಷ್ಟಾದ ಮೇಲೆ ತಾನೇ ಚಾಲೂ ಆಗುವ ಮಾತು. ಇಲ್ಲಿ ನೆರೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 5 ಅಶ್ವಶಕ್ತಿಯ ಮೋಟಾರು ಓಡುವಾಗ ಎಳೆಯುವುದು ಸುಮಾರು 7ರಿಂದ 8 ಆಂಪಿಯರ್. ನೇರವಾಗಿ ಚಾಲೂ ಆಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಪೂರ್ಣ ಸಾಮರ್ಥ್ಯವೇ ಸುಮಾರು 87 ಆಂಪಿಯರ್. ಹತ್ತು ಪಂಪುಗಳು ಒಂದಾದ ಮೇಲೊಂದು ಎದ್ದರೆ ಅದು ತಾಳಿಕೊಳ್ಳುತ್ತದೆ. ಕರೆಂಟು ಬಂದ ಕ್ಷಣವೇ ಹತ್ತೂ ಎದ್ದರೆ ಸೆಳೆತ 400 ಆಂಪಿಯರ್ ಸಮೀಪಿಸುತ್ತದೆ. ವೋಲ್ಟೇಜು ಕುಸಿದು ಒಂದು ಮೋಟಾರೂ ವೇಗ ಹಿಡಿಯುವುದಿಲ್ಲ, ಫ್ಯೂಸು ಹೋಗುತ್ತದೆ, ಕಡೆಗೆ ಟ್ರಾನ್ಸ್‌ಫಾರ್ಮರೇ ಸುಡಬಹುದು. ಬೇರೆಯದು ಬರುವವರೆಗೆ ಎಲ್ಲರ ಪೈರೂ ಒಣಗಬೇಕು.

ಇದಕ್ಕೆ ಉಪಾಯ ಟೈಮರು. ಕರೆಂಟು ಬಂದ ಎಷ್ಟು ಹೊತ್ತಿನ ಮೇಲೆ ಪಂಪು ಏಳಬೇಕೆಂದು ಅದರಲ್ಲಿ ಗೊತ್ತುಮಾಡಬಹುದು. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ರೈತರು ಒಟ್ಟಿಗೆ ಕುಳಿತು, ಮೊದಲನೆಯವರಿಗೆ ಒಂದು ನಿಮಿಷ, ಎರಡನೆಯವರಿಗೆ ಎರಡು ಎಂದು ಸರದಿ ಹಂಚಿಕೊಳ್ಳಿರಿ. ಸರದಿಯ ಸಂಖ್ಯೆಯನ್ನು ಸ್ಟಾರ್ಟರು ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಹೊಸದಾಗಿ ಸಂಪರ್ಕ ಪಡೆದವರು ಕೊನೆಯ ಸಂಖ್ಯೆಯ ಮುಂದಿನ ನಿಮಿಷ ಹಿಡಿಯಲಿ.