ಮಗ್ಗಿ, ಮೈಲ್ಡ್ ಮತ್ತು ಒಂದು ಶವರ್

ಮ್ಯಾಂಚೆಸ್ಟರಿಗೆ ಬಂದ ಮೊದಲ ವಾರ ಟೀವಿಯಲ್ಲಿ ‘ಶವರ್ಸ್’ ಎಂದರು. ಸಾಗರದ ಮಳೆ ಕಂಡವಳು ನಾನು, ಇವರದೇನು ಮಹಾ ಎಂದು ಕೊಡೆ ಬಿಟ್ಟು ಹೊರಟೆ. ಹತ್ತೇ ನಿಮಿಷ, ತೊಪ್ಪೆಯಾದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು! ಶವರ್ ಎಂದರೆ ಅದೇ, ರಾಶಿಮೋಡದಿಂದ ಥಟ್ಟನೆ ಸುರಿದು ಹೋಗುವ ಮಳೆ. ಮೋಡ ಪದರಪದರವಾಗಿ ಹಾಸಿಕೊಂಡು ತಾಸುಗಟ್ಟಲೆ ಹೊಯ್ದರೆ ಅದು ‘ರೇನ್’. ‘ಡ್ರಿಜಲ್’ ನಮ್ಮ ತುಂತುರು. ಹನಿ ಅರ್ಧ ಮಿಲಿಮೀಟರಿಗಿಂತ ಸಣ್ಣದು.

ನನ್ನನ್ನು ಹೆಚ್ಚು ಕಾಡಿದ್ದು ‘ಮೈಲ್ಡ್’. ಜನವರಿಯಲ್ಲಿ 12 ಡಿಗ್ರಿ ಇದ್ದರೆ ಪಕ್ಕದ ಮನೆಯ ಅಜ್ಜಿ ಖುಷಿಯಿಂದ ಹಾಗೆನ್ನುತ್ತಾರೆ. ನಾನೋ, ಎರಡು ಸ್ವೆಟರಿನೊಳಗೆ ನಡುಗುತ್ತಿರುತ್ತೇನೆ. ಚಳಿ ಕಚ್ಚಿದರೆ ‘ನಿಪ್ಪಿ’. ಗಾಳಿಯಾಡದೆ ಮೈ ಅಂಟುವ ಸೆಕೆ ‘ಮಗ್ಗಿ’. ಎರಡೊಂದ್ಲೆ ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ. ಮಂಗಳೂರಿನ ಮೇ ತಿಂಗಳಿಗೆ ಮಾತ್ರ ಪದ ಸರಿಯಾಗಿ ಹೊಂದುತ್ತದೆ.

ಹವಾಮಾನದ ಮುನ್ಸೂಚನೆಗೆ ‘ಫೋರ್‌ಕಾಸ್ಟ್’ ಎಂಬ ಹೆಸರನ್ನು ರೂಢಿಗೆ ತಂದವನು ರಾಬರ್ಟ್ ಫಿಟ್ಜ್‌ರಾಯ್, ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕಪ್ತಾನ. ಅವನ ಮೊದಲ ಸಾರ್ವಜನಿಕ ಮುನ್ಸೂಚನೆ 1861ರ ಆಗಸ್ಟ್ 1ರಂದು ಲಂಡನ್ನಿನ ‘ಟೈಮ್ಸ್’ನಲ್ಲಿ ಅಚ್ಚಾಯಿತು. ಇಂದಿಗೂ ಬಿಬಿಸಿ ರೇಡಿಯೊ ನಾವಿಕರಿಗಾಗಿ ಓದುವ ಶಿಪ್ಪಿಂಗ್ ಫೋರ್‌ಕಾಸ್ಟಿನಲ್ಲಿ ಮಾತಿಗೆ ಗಡಿಯಾರ ಕಟ್ಟಿದ್ದಾರೆ: ಬಿರುಗಾಳಿ ‘ಇಮಿನೆಂಟ್’ ಎಂದರೆ 6 ಗಂಟೆಯೊಳಗೆ, ‘ಸೂನ್’ ಎಂದರೆ 6ರಿಂದ 12, ‘ಲೇಟರ್’ ಎಂದರೆ 12ರಿಂದ 24.